ಹಕ್ಕಿಯ ಪ್ಲಾಸ್ಮಾ ಪ್ರೋಟೀನ್: ರಿಫ್ರಾಕ್ಟೋಮೀಟರಾ, ಎಲೆಕ್ಟ್ರೋಫೊರೆಸಿಸಾ?

ದಾವಣಗೆರೆ ಜಿಲ್ಲೆಯ ಸೂಳೆಕೆರೆ ಹಕ್ಕಿಗಳ ಆರೋಗ್ಯ ನೋಡಲು, ಪ್ಲಾಸ್ಮಾದಲ್ಲಿನ (ರಕ್ತಕಣ ಬಿಟ್ಟು ಉಳಿದ ದ್ರವ) ಪ್ರೋಟೀನ್ ಪರೀಕ್ಷೆಗೆ ಈ ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಅರಣ್ಯ ಇಲಾಖೆಯ ಅನುಮತಿ ಇದೆ ಅಲ್ವಾ? ಅದು ಮೊದಲು.

ಖರ್ಚಿನಲ್ಲಿ ರಿಫ್ರಾಕ್ಟೋಮೀಟರ್ ಹಗುರ. ದ್ರವದಲ್ಲಿ ಬೆಳಕು ಎಷ್ಟು ಬಾಗುತ್ತದೆ ಅಂತ ನೋಡಿ ಒಟ್ಟು ಪ್ರೋಟೀನ್ ಹೇಳುವ ಉಪಕರಣ ಇದು. ಒಂದು ಹನಿ ಪ್ಲಾಸ್ಮಾ ಸಾಕು. ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದರೆ ನೀಲಿ, ಬಿಳಿ ಕೂಡುವ ಗೆರೆಯಲ್ಲಿ ಅಂಕಿ ಕಾಣುತ್ತದೆ. ಆದರೆ ಹಕ್ಕಿಯ ರಕ್ತದಲ್ಲಿ ಸಕ್ಕರೆ ಜಾಸ್ತಿ. ಕೊಬ್ಬೂ ಸೇರಿ ಪ್ಲಾಸ್ಮಾ ಹಾಲಿನಂತೆ ಕಂಡರೆ ಆ ಅಂಕಿ ನಂಬಬೇಡಿ, ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಎಲೆಕ್ಟ್ರೋಫೊರೆಸಿಸ್ ಅಂದರೆ ವಿದ್ಯುತ್ ಹರಿಸಿ ಪ್ರೋಟೀನ್‌ಗಳನ್ನು ಬೇರ್ಪಡಿಸುವ ವಿಧಾನ. ಅದಕ್ಕೆ ಲ್ಯಾಬ್ ಬೇಕು. ದಾವಣಗೆರೆ ಬಿಸಿಲಿಗೆ ಮಾದರಿ ಒಯ್ಯಲು ಐಸ್ ಪೆಟ್ಟಿಗೆಯೂ ಬೇಕು. ಆದರೆ ಅದು ಅಲ್ಬುಮಿನ್, ಗ್ಲಾಬ್ಯುಲಿನ್ ಎಂಬ ಪ್ರೋಟೀನ್‌ಗಳನ್ನು ಬೇರೆ ಬೇರೆ ತೋರಿಸುತ್ತದೆ. ಒಟ್ಟು ಪ್ರೋಟೀನ್ ಸರಿಯಿದ್ದೂ ಒಳಗೆ ಸೋಂಕಿರಬಹುದು. ಅದರ ಸುಳಿವು ಸಿಗುವುದು ಇಲ್ಲಿ.

ಹತ್ತಾರು ಹಕ್ಕಿ ಹಿಡಿದು ಅಲ್ಲೇ ಬಿಡುವುದಾದರೆ ಮೊದಲನೆಯದು. ಕಾಯಿಲೆಬಿದ್ದ ಒಂದೆರಡಕ್ಕೆ ಚಿಕಿತ್ಸೆ ಕೊಡುತ್ತಿದ್ದರೆ ಎರಡನೆಯದು. ಯಾವ ವಿಧಾನವಾದರೂ ತೆಗೆಯುವ ರಕ್ತ ದೇಹತೂಕದ ಶೇ. 1 ದಾಟಬಾರದು. 100 ಗ್ರಾಂ ಹಕ್ಕಿಗೆ 1 ಮಿ.ಲೀ. ಒಳಗೇ ಇರಲಿ.