ಕಾಯರ್ ಮ್ಯಾಟ್ 700 ಜಿಎಸ್‌ಎಂ: ಸಂಡೂರಿನ ಗಣಿ ಡಂಪ್ ಮೇಲೆ ಮೂರು ಮಳೆಗಾಲ

ರೇಟಿಂಗ್: 5ಕ್ಕೆ 4

ಗಣಿಯ ತ್ಯಾಜ್ಯ ಮಣ್ಣು, ಕಲ್ಲು ಸುರಿದ ಗುಡ್ಡೆಯೇ ಡಂಪ್. ಅದರ ಮೇಲೆ ಬೀಳುವ ಮಳೆಹನಿಯ ಹೊಡೆತವನ್ನು ಚದರ ಮೀಟರಿಗೆ 700 ಗ್ರಾಂ (ಜಿಎಸ್‌ಎಂ) ತೂಗುವ ಈ ತೆಂಗಿನ ನಾರಿನ ಮ್ಯಾಟ್ ಚೆನ್ನಾಗಿ ತಡೆಯುತ್ತದೆ. ಮೇಲಿನಿಂದ ಕೂಡಿಕೊಂಡು ನುಗ್ಗುವ ನೀರಿನ ಮುಂದೆ ಮಾತ್ರ ನಿಲ್ಲುವುದಿಲ್ಲ. ಕೊಳ್ಳುವವರು ಮೊದಲು ಇದನ್ನು ತಿಳಿದುಕೊಳ್ಳಬೇಕು.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಪ್ರತಿ ಗಣಿಗೂ ಆರ್ ಅಂಡ್ ಆರ್ (ಹಾಳಾದ ಗಣಿ ಜಾಗವನ್ನು ಸರಿಪಡಿಸುವ) ಯೋಜನೆ ಬಂತು. ಚೆಕ್ ಡ್ಯಾಂ, ಟೋ ವಾಲ್ (ಡಂಪಿನ ಬುಡದ ತಡೆಗೋಡೆ), ಗಾರ್ಲ್ಯಾಂಡ್ ಡ್ರೈನ್ (ಡಂಪಿನ ಸುತ್ತ ತೋಡುವ ಕಾಲುವೆ) ಜೊತೆ ಕಾಯರ್ ಮ್ಯಾಟೂ ರೂಢಿಯಾಯಿತು. ಪಟ್ಟಿಯಲ್ಲಿದೆ ಎಂದು ಹಾಸಿ ಫೋಟೊ ತೆಗೆದು ಬಿಟ್ಟರೆ ಒಂದೇ ಮಳೆಗಾಲಕ್ಕೆ ದುಡ್ಡು ನೀರುಪಾಲು. ಈ ಗುಡ್ಡಗಳಿಂದ ಇಳಿಯುವ ಕೆಂಪು ಹೂಳು ಹೋಗಿ ಸೇರುವುದು ನಾರಿಹಳ್ಳ ಜಲಾಶಯದಂಥ ಕುಡಿಯುವ ನೀರಿನ ಮೂಲಗಳಿಗೆ, ಕೆಳಗಿನ ಹೊಲಗಳಿಗೆ.

ಹಾಗಾಗಿ ಮೊದಲು ಡ್ರೈನ್, ಆಮೇಲೆ ಮ್ಯಾಟ್. 2 ಹೆಕ್ಟೇರ್ ಜಾಗಕ್ಕೆ ಗಂಟೆಗೆ 90 ಮಿ.ಮೀ. ರಭಸದ ಮಳೆ, ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲು) 0.6 ಎಂದು ಹಿಡಿದರೆ 0.6 × 90 × 2 ÷ 360, ಅಂದರೆ ಸೆಕೆಂಡಿಗೆ 0.3 ಘನ ಮೀಟರ್ ನೀರು. ತಳ 50 ಸೆಂ.ಮೀ., ನೀರಿನ ಆಳ 40 ಸೆಂ.ಮೀ., ಬದಿ 1:1, ನೂರಕ್ಕೆ ಒಂದರ ಇಳುಕಲು ಇರುವ ಕಲ್ಲು ಹಾಸಿನ ಡ್ರೈನ್ ಇದನ್ನು ಸಾಗಿಸುತ್ತದೆ. ಅದರ ಮೇಲೆ ಇನ್ನೂ 30 ಸೆಂ.ಮೀ. ದಂಡೆ ಬಿಡಿ. ಬೆಂಚ್‌ಗಳು (ಇಳಿಜಾರಿನ ನಡುವೆ ಮೆಟ್ಟಿಲಿನಂತೆ ಬಿಡುವ ಸಮತಟ್ಟು ಪಟ್ಟಿಗಳು) ಒಳಮುಖವಾಗಿ ವಾಲಿರಬೇಕು. ಹೊರಕ್ಕೆ ವಾಲಿದರೆ ಬೆಂಚಿನ ನೀರೆಲ್ಲ ಮ್ಯಾಟ್ ಮೇಲೆಯೇ ಬೀಳುತ್ತದೆ.

ಲಾರಿ ಸುರಿದ ಡಂಪ್ ಸುಮಾರು 37 ಡಿಗ್ರಿಯಲ್ಲಿ ನಿಂತಿರುತ್ತದೆ. ಅದನ್ನು 28ಕ್ಕೆ ಇಳಿಸಿ, ಕೊರಕಲು ಮುಚ್ಚಿ, 15 ಸೆಂ.ಮೀ. ಮೇಲ್ಮಣ್ಣು ಹರಡಿ, ಕೊಟ್ಟಿಗೆ ಗೊಬ್ಬರದ ಜೊತೆ ಸ್ಟೈಲೊ ಎಂಬ ಮೇವಿನ ಗಿಡದ ಬೀಜ ಎರಚಬೇಕು. ನೆತ್ತಿಯಲ್ಲಿ 30 × 30 ಸೆಂ.ಮೀ. ಕಾಲುವೆ ತೋಡಿ, ಮ್ಯಾಟಿನ ತುದಿಯನ್ನು ಅದರೊಳಗೆ ಹೂತು, ಮಣ್ಣು ದಮ್ಮಸ್ಸು ಮಾಡಿ, ರೋಲನ್ನು ಮೇಲಿನಿಂದ ಕೆಳಕ್ಕೆ ಬಿಚ್ಚಿ. ಬಿಗಿಯಾಗಿ ಎಳೆಯಬೇಡಿ. ಪಕ್ಕದ ಜೋಡಣೆಯಲ್ಲಿ 15 ಸೆಂ.ಮೀ. ಒಂದರ ಮೇಲೊಂದು ಬರಲಿ. ತುದಿ ಜೋಡಣೆಯಲ್ಲಿ 30 ಸೆಂ.ಮೀ., ಹೆಂಚು ಹೊದಿಸಿದ ಹಾಗೆ ಮೇಲಿನದು ಕೆಳಗಿನದರ ಮೇಲೆ. ಯು ಆಕಾರದ ಮೊಳೆ ಚದರ ಮೀಟರಿಗೆ ಒಂದಾದರೂ ಬೇಕು, ಜೋಡಣೆಗಳಲ್ಲಿ ಅರ್ಧ ಮೀಟರಿಗೊಂದು. ರೋಲ್ ಜೊತೆ ಬಂದ ತೆಳು ಮೊಳೆಗಳು ಕಲ್ಲಿಗೆ ತಾಗಿ ಬಾಗುತ್ತವೆ. 10 ಮಿ.ಮೀ. ಕಂಬಿಯನ್ನು 45 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಬಗ್ಗಿಸಿಕೊಳ್ಳಬೇಕಾಯಿತು. ಒಂದು ಅಂಕ ಹೋದದ್ದು ಇಲ್ಲೇ.

ತೊಂದರೆ ಕಾಣುವುದು ಮ್ಯಾಟಿನ ಅಡಿಯಲ್ಲಿ. ಮೊದಲ ದೊಡ್ಡ ಮಳೆಯ ಮರುದಿನ ಅಂಚು ಎತ್ತಿ ನೋಡಿ. ಮ್ಯಾಟ್ ಮಣ್ಣಿಗೆ ಅಂಟಿದ ಕಡೆ ನಾರಿನ ಕಣ್ಣುಗಳ ಅಚ್ಚು ಹಾಗೇ ಮೂಡಿರುತ್ತದೆ, ಮೊಳಕೆ ಅಲ್ಲೇ ತಲೆ ಎತ್ತಿರುತ್ತದೆ. ಕಲ್ಲಿನ ಮೇಲೆ ಡೇರೆಯಂತೆ ಎದ್ದುನಿಂತ ಕಡೆ ಬೆರಳಗಲದ ಸೀಳುಗಳು ಬಿದ್ದಿರುತ್ತವೆ. ಆಗಲೇ ಮಣ್ಣು ತುಂಬಿ ಇನ್ನೆರಡು ಮೊಳೆ ಹೊಡೆಯದಿದ್ದರೆ ಆಗಸ್ಟ್ ಹೊತ್ತಿಗೆ ಅದು ಮೊಣಕಾಲುದ್ದದ ಕೊರಕಲು. ನೀರು ಒಟ್ಟಾಗಿ ಇಳಿಯುವ ಜಾಡಿಗೆ ಮ್ಯಾಟ್ ಬೇಡವೇ ಬೇಡ. ಅಲ್ಲಿ ಕಲ್ಲು ಕಟ್ಟಿದ ಇಳಿಗಾಲುವೆಯೇ ಆಗಬೇಕು.

ಮೂರನೇ ವರ್ಷ ನಾರು ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಅಷ್ಟರಲ್ಲಿ ಬೇರು ಹಿಡಿದಿರಬೇಕು. ಲಾವಂಚ, ಕತ್ತಾಳೆ, ಈ ಗುಡ್ಡದ್ದೇ ಆದ ಬಂದರಿಕೆ ಚೆನ್ನಾಗಿ ನಿಂತಿವೆ. ಮೊದಲ ಎರಡು ವರ್ಷ ಮೇಕೆಗಳನ್ನು ದೂರವಿಡಲೇಬೇಕು. ಬೇಸಿಗೆಯಲ್ಲಿ ಒಣ ಹುಲ್ಲು, ಒಣ ನಾರು ಎರಡೂ ಸೇರಿದರೆ ಬೀಡಿ ಕಿಡಿ ಸಾಕು, ಇಡೀ ಇಳಿಜಾರು ಬೋಳಾಗುತ್ತದೆ. ಫೆಬ್ರವರಿಯೊಳಗೆ ಬೆಂಚ್‌ಗಳ ಉದ್ದಕ್ಕೂ 3 ಮೀಟರ್ ಅಗಲ ಹುಲ್ಲು ಕೆತ್ತಿಸಿಡಿ. ಡ್ರೈನ್, ಹೂಳು ತಂಗಿಸುವ ಟ್ಯಾಂಕ್‌ಗಳ ಹೂಳನ್ನು ಮೇ ಕೊನೆಯೊಳಗೆ ತೆಗೆಸಿ.