ಟೇಬಲ್ ಸಾ, ರೂಟರ್ ಎರಡಕ್ಕೂ ಒಂದೇ ಮೇಜು: ಮಳೆಗಾಲಗಳನ್ನು ದಾಟಿದ ಮೇಲೆ ನನ್ನ ಅಭಿಪ್ರಾಯ

ಟೇಬಲ್ ಸಾ (ಮೇಜಿನಿಂದ ಬ್ಲೇಡು ಮೇಲೆದ್ದಿರುವ ಗರಗಸ) ಮತ್ತು ರೂಟರನ್ನು (ಬಿಟ್ ಎಂಬ ಅಲಗನ್ನು ವೇಗವಾಗಿ ತಿರುಗಿಸಿ ಮರ ಕೊರೆಯುವ ಯಂತ್ರ) ಒಂದೇ ಮೇಜಿನಲ್ಲಿ ಕೂರಿಸಬೇಕು ಅಂದುಕೊಂಡವರು ಮೊದಲು ಯೋಚಿಸುವುದು ಜಾಗದ ಬಗ್ಗೆ. ಜಾಗ ಉಳಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಸಾಗರದಲ್ಲಿ ನಮ್ಮ ಮನೆ ಹಿಂದಿನ ಹಳೆ ಕೊಟ್ಟಿಗೆಯೇ ನನ್ನ ಕಾರ್ಯಾಗಾರ. ಬೈಕು, ಅಡಿಕೆ ಚೀಲ, ಏಣಿ ಎಲ್ಲ ಅಲ್ಲೇ ಇರಬೇಕು. ಅಲ್ಲಿ ಎರಡು ಬೇರೆ ಬೇರೆ ಮೇಜು ಹಾಕುವ ಮಾತೇ ಇರಲಿಲ್ಲ. ಆದರೆ ಇಷ್ಟು ಕಾಲ ಬಳಸಿದ ಮೇಲೆ ನನಗೆ ಇದರ ದೊಡ್ಡ ಲಾಭ ಅನಿಸಿರುವುದು ಜಾಗವಲ್ಲ. ಗರಗಸದ ಕೈಲಿ ಆಗದ ಕೆಲಸವನ್ನು ಅದರ ಮಗ್ಗುಲಲ್ಲೇ ಕೂತ ರೂಟರ್ ಮಾಡಿಕೊಡುತ್ತದೆ, ಅದೂ ಅದೇ ಸಪಾಟಾದ ದೊಡ್ಡ ಮೇಲ್ಮೈ ಮೇಲೆ.

ಹೇಗೆ ಅಂತ ಹೇಳುತ್ತೇನೆ. ಪುಸ್ತಕದ ಕಪಾಟು ಮಾಡುವಾಗ ಪಕ್ಕದ ಹಲಗೆಗೆ ಗ್ರೂವ್ ಹೊಡೆದು ಅದರೊಳಗೆ ಅಡ್ಡ ಹಲಗೆ ಕೂರಿಸಬೇಕಾಗುತ್ತದೆ. ಅಮೆರಿಕದ ವೀಡಿಯೊಗಳಲ್ಲಿ ಗರಗಸದ ಶಾಫ್ಟಿಗೆ ನಾಲ್ಕೈದು ಬ್ಲೇಡುಗಳ ಡೇಡೋ ಸೆಟ್ ಹಾಕಿ ಒಂದೇ ಸಲಕ್ಕೆ ಅಗಲದ ಗ್ರೂವ್ ತೆಗೆಯುತ್ತಾರೆ. ನನ್ನ ಹತ್ತಿರ ಇರುವುದು ಸೈಟಿಗೆ ಹೊತ್ತೊಯ್ಯುವ ಮಾದರಿಯ 10 ಇಂಚಿನ, 1800 ವ್ಯಾಟಿನ ಗರಗಸ. ಅದರ ಶಾಫ್ಟು ಗಿಡ್ಡ, ಒಂದು ಬ್ಲೇಡಿಗಿಂತ ಹೆಚ್ಚು ಹಿಡಿಯುವುದಿಲ್ಲ. ಆ ಕೆಲಸಕ್ಕೆ ರೂಟರೇ ಬೇಕು. ಅಂಗಡಿಯಲ್ಲಿ 18 ಮಿಲಿಮೀಟರ್ ಎಂದು ಕೊಡುವ ಪ್ಲೈವುಡ್ ಅಳೆದು ನೋಡಿದರೆ ಸಾಮಾನ್ಯವಾಗಿ ತುಸು ಕಡಿಮೆಯೇ ಇರುತ್ತದೆ. 12 ಮಿಲಿಮೀಟರಿನ ಬಿಟ್ ಹಾಕಿ, ಫೆನ್ಸನ್ನು (ಮರವನ್ನು ಒರಗಿಸಿ ತಳ್ಳುವ ನೇರ ಪಟ್ಟಿ) ಕೂದಲೆಳೆಯಷ್ಟೂ ತಪ್ಪದಂತೆ ಸರಿಸಿ ಎರಡು ಸಲಕ್ಕೆ ಗ್ರೂವ್ ಹೊಡೆದರೆ ಹಲಗೆ ಕೈಯಲ್ಲಿ ಒತ್ತಿದಾಗ ಬಿಗಿಯಾಗಿ ಇಳಿದು ನಿಲ್ಲುತ್ತದೆ. ನಮ್ಮ ಶಾಲೆಯ ಕಪಾಟುಗಳೆಲ್ಲ ಹೀಗೇ ಆದವು. ಒಂದಕ್ಕೂ ಕಣ್ಣಿಗೆ ಕಾಣುವ ಮೊಳೆ ಇಲ್ಲ.

ಮೇಜಿನ ರಚನೆ ಸರಳ. 40 ಮಿಲಿಮೀಟರಿನ ಚೌಕ ಕಬ್ಬಿಣದ ಪೈಪಿನ ಚೌಕಟ್ಟು. ಮೇಲೆ 18 ಮಿಲಿಮೀಟರಿನ ಪ್ಲೈವುಡ್ ಎರಡು ಪದರ, ಎರಡೂ ಐಎಸ್ 710 ಗುರುತಿನದು, ಅಂದರೆ ನೀರು ತಡೆಯುವ ಮರೀನ್ ಪ್ಲೈವುಡ್. ಗರಗಸ ಕೆಳಗಿನ ಹಲಗೆ ಮೇಲೆ ಬೋಲ್ಟುಗಳಲ್ಲಿ ಕೂತಿದೆ, ಬೋಲ್ಟು ತಿರುಗಿಸಿ ಅದರ ತಲೆಯನ್ನು ಮೇಜಿನ ಮಟ್ಟಕ್ಕೆ ತರಬಹುದು. ಹೊರಗೆ ಕೆಲಸ ಬಂದರೆ ಬಿಚ್ಚಿಕೊಂಡು ಹೋಗಲೂಬಹುದು. ಮೇಜಿಗೆ ಸನ್‌ಮೈಕಾ ಅಂಟಿಸುವವರು ಮೇಲಷ್ಟೇ ಅಲ್ಲ, ಅಡಿಗೂ ಅಂಟಿಸಿ. ಒಂದೇ ಬದಿಗೆ ಅಂಟಿಸಿದರೆ ಇನ್ನೊಂದು ಬದಿ ಮಳೆಗಾಲದ ತೇವ ಹೀರಿಕೊಂಡು ಹಲಗೆ ಡೊಂಕಾಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಎರಡೂ ಬದಿ ಮುಚ್ಚಿದ ನನ್ನ ಮೇಜಿನ ಮೇಲೆ ಇವತ್ತಿಗೂ ಕಬ್ಬಿಣದ ಸ್ಕೇಲು ಇಟ್ಟರೆ ಅಡಿಯಿಂದ ಬೆಳಕು ತೂರುವುದಿಲ್ಲ.

ಈಗ ಫೆನ್ಸಿನ ವಿಚಾರ, ಇಡೀ ಮೇಜಿನ ಜೀವ ಇರುವುದೇ ಅದರಲ್ಲಿ. ರೂಟರನ್ನು ಬ್ಲೇಡಿನ ಬಲಗಡೆ ಕೂರಿಸಿದ್ದೇನೆ. ಗರಗಸದ ಫೆನ್ಸು ಎರಡರ ನಡುವೆ ಓಡಾಡುತ್ತದೆ. ಅದರ ಎಡಮುಖ ಗರಗಸಕ್ಕೆ, ಬಲಮುಖ ರೂಟರಿಗೆ. ಬಲಮುಖಕ್ಕೆ ಎರಡು ತುಂಡಿನ ಮರದ ಫೆನ್ಸೊಂದನ್ನು ಬೋಲ್ಟಿನಲ್ಲಿ ಹಾಕಿಕೊಳ್ಳುತ್ತೇನೆ, ನಡುವಿನ ಸಂದಿನಲ್ಲಿ ಬಿಟ್ ಅರ್ಧ ಅಡಗಿ ಕೂರುತ್ತದೆ. ಗರಗಸಕ್ಕೆ ಫೆನ್ಸು ಬ್ಲೇಡಿಗೆ ಸಮಾನಾಂತರವಾಗಿ ಇರಲೇಬೇಕು, ಇಲ್ಲದಿದ್ದರೆ ಮರ ನಡುವೆ ಸಿಕ್ಕಿ ನಮ್ಮ ಕಡೆಗೇ ಹಾರಿಬರುತ್ತದೆ. ರೂಟರಿಗೆ ಆ ಕಟ್ಟುಪಾಡಿಲ್ಲ. ಬಿಟ್ ದುಂಡಗಿರುವುದರಿಂದ ಫೆನ್ಸು ಯಾವ ಕೋನದಲ್ಲಿದ್ದರೂ ನಡೆಯುತ್ತದೆ, ದೂರ ಒಂದು ಸರಿಯಿದ್ದರೆ ಸಾಕು. ಆದ್ದರಿಂದ ಗರಗಸಕ್ಕೆ ಒಳ್ಳೆಯ ಫೆನ್ಸಿದ್ದರೆ ರೂಟರಿಗೆ ಅದು ತಾನಾಗೇ ಒದಗುತ್ತದೆ.

ಮರ ತಳ್ಳುವ ದಿಕ್ಕು ಮಾತ್ರ ಉಲ್ಟಾ, ಇದನ್ನು ಒತ್ತಿ ಹೇಳಬೇಕು. ಗರಗಸದಲ್ಲಿ ಮುಂದಿನಿಂದ ಹಿಂದಕ್ಕೆ ತಳ್ಳುತ್ತೇವೆ. ರೂಟರಿಗೆ ಮೇಜಿನ ಬಲ ತುದಿಗೆ ಬಂದು ನಿಂತು, ನಮ್ಮ ಬಲಗೈಯಿಂದ ಎಡಗೈ ಕಡೆಗೆ, ಅಂದರೆ ಗರಗಸದ ಹಿಂಭಾಗದಿಂದ ಮುಂಭಾಗಕ್ಕೆ ತಳ್ಳಬೇಕು. ಬಿಟ್ ತಿರುಗುವುದಕ್ಕೆ ಎದುರಾಗಿ ಮರ ಹೋಗುವುದು ಆಗಲೇ. ಬಿಟ್ ಮತ್ತು ಫೆನ್ಸಿನ ನಡುವೆ ಮರವನ್ನು ತೂರಿಸುವುದು ಎಂದಿಗೂ ಬೇಡ, ಬಿಟ್ ಅದನ್ನು ಕೈಯಿಂದ ಕಿತ್ತುಕೊಂಡು ಎಸೆಯುತ್ತದೆ. ಮನೆಯಲ್ಲಿ ಬೇರೆಯವರೂ ಬಳಸುವುದರಿಂದ ಎರಡೂ ಕಡೆ ದಪ್ಪ ಬಾಣದ ಗುರುತು ಬರೆದಿದ್ದೇನೆ.

ಎರಡು ತುಂಡಿನ ಫೆನ್ಸಿನಿಂದ ಇನ್ನೊಂದು ಉಪಕಾರ ಇದೆ, ನನಗೆ ತುಂಬಾ ಇಷ್ಟವಾದದ್ದು. ಮರ ಹೊರಬರುವ ಕಡೆಯ ತುಂಡಿನ ಹಿಂದೆ 1 ಮಿಲಿಮೀಟರಿನ ಸನ್‌ಮೈಕಾ ಚೂರನ್ನು ಕೊಟ್ಟು, ಬಿಟ್ಟಿನ ಅಂಚನ್ನು ಆ ತುಂಡಿನ ಮುಖಕ್ಕೆ ಸಮ ಮಾಡಿದರೆ ರೂಟರ್ ಜಾಯಿಂಟರಿನ, ಅಂದರೆ ಹಲಗೆಯ ಅಂಚು ನೇರ ಮಾಡುವ ಯಂತ್ರದ, ಕೆಲಸ ಮಾಡುತ್ತದೆ. ಸಾಮಿಲ್ಲಿನಿಂದ ತಂದ ಹಲಸಿನ ಹಲಗೆಯ ಅಂಚು ಒಂದು ಸಲ ದಾಟಿಸಿದರೆ ನೇರವಾಗುತ್ತದೆ. ಎರಡು ಹಲಗೆ ಜೋಡಿಸಿ ಹಿಡಿದರೆ ಸಂದು ಕಾಣುವುದಿಲ್ಲ. ಹಲಗೆಯ ಉದ್ದ ನಾಲ್ಕಡಿ ಮೀರಿದರೆ ಮಾತ್ರ ನಾನು ಕೈಯಿಂದ ಮರ ಹೆರೆಯುವ ಹತ್ತರಿಯನ್ನೇ ಹಿಡಿಯುತ್ತೇನೆ.

ಇನ್ನು ನಷ್ಟದ ಲೆಕ್ಕ. ಫೆನ್ಸು ಒಂದೇ. ಗರಗಸಕ್ಕೆ ಅಳತೆ ಇಟ್ಟುಕೊಂಡು ಹತ್ತು ಪಟ್ಟಿ ಸೀಳುತ್ತಿದ್ದಾಗ ನಡುವೆ ರೂಟರಿಗೆ ಹೋದರೆ ಆ ಅಳತೆ ಹೋಯಿತು. ಮತ್ತೆ ಅದೇ ಅಳತೆಗೆ ತಂದರೂ ಕೂದಲಷ್ಟು ವ್ಯತ್ಯಾಸ ಬಂದೇ ಬರುತ್ತದೆ, ಡ್ರಾಯರಿನಂಥ ಕೆಲಸದಲ್ಲಿ ಅದು ಎದ್ದು ಕಾಣುತ್ತದೆ. ನಮ್ಮ ಬೀದಿಯ ಆಚಾರ್ರು ಬಂದು ನೋಡಿದವರೇ, “ಮೇಷ್ಟ್ರೇ, ಎರಡು ಎತ್ತಿಗೆ ಒಂದೇ ಹಗ್ಗ ಕಟ್ಟಿದಂಗಾಯ್ತಲ್ಲ ಇದು” ಅಂದರು. “ಹೌದು ಆಚಾರ್ರೇ, ಅದಕ್ಕೇ ಸೀಳೋದೆಲ್ಲ ಪೂರ್ತಿ ಮುಗಿಸಿಕೊಂಡು ಆಮೇಲೆ ಈ ಕಡೆ ಬರೋದು” ಅಂದೆ. ಕೆಲಸದ ಕ್ರಮವನ್ನು ಮೊದಲೇ ಹಾಳೆಯಲ್ಲಿ ಬರೆದುಕೊಳ್ಳುವ ಅಭ್ಯಾಸ ಇದ್ದವರಿಗೆ ಇದು ತೊಂದರೆಯೇ ಅಲ್ಲ. ಕೆಲಸ ಮಾಡ್ತಾ ಮಾಡ್ತಾ ಯೋಚಿಸುವವರಿಗೆ ಈ ಮೇಜು ದಿನವೂ ತಲೆನೋವು. ಒಂದು ಪಟ್ಟಿಯಾದರೂ ಹೆಚ್ಚಿಗೆ ಸೀಳಿ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಮುಖ್ಯ ಅಂತ ನಾನು ಹೇಳುವುದು ಕರೆಂಟಿನ ವ್ಯವಸ್ಥೆ. ಮಲೆನಾಡಿನಲ್ಲಿ ಗಾಳಿ ಬೀಸಿದರೆ ಕರೆಂಟು ಹೋಗುತ್ತದೆ, ಹೇಳದೆ ಕೇಳದೆ ಬರುತ್ತದೆ. ಮೇಜಿನಡಿ ತಲೆಕೆಳಗಾಗಿ ತೂಗುವ ರೂಟರಿನ ಗುಂಡಿಯನ್ನು ಆನ್ ಸ್ಥಿತಿಯಲ್ಲೇ ಲಾಕ್ ಮಾಡಿ ಇಟ್ಟಿರುತ್ತೇವೆ. ಕರೆಂಟು ಹೋದಾಗ ಬಿಟ್ ಬದಲಿಸಲು ಕೈ ಹಾಕಿದ್ದೀರಿ, ಆಗಲೇ ಕರೆಂಟು ಬಂತು ಅಂತಿಟ್ಟುಕೊಳ್ಳಿ. ಇದಕ್ಕೆ ಪರಿಹಾರ ನೋ-ವೋಲ್ಟ್ ಸ್ವಿಚ್. ಒಳಗಿನ ಕಾಯಿಲ್‌ಗೆ ಕರೆಂಟು ತಪ್ಪಿದ ಕೂಡಲೇ ಅದು ಬಿಟ್ಟುಕೊಳ್ಳುತ್ತದೆ, ಹಸಿರು ಗುಂಡಿ ಮತ್ತೆ ಒತ್ತುವ ತನಕ ಯಂತ್ರ ತಿರುಗುವುದಿಲ್ಲ. ಅದರ ನಂತರ ಒಂದು ಚೇಂಜ್‌ಓವರ್ ಸ್ವಿಚ್ ಹಾಕಿಸಿದ್ದೇನೆ: ಎಡಕ್ಕೆ ತಿರುಗಿಸಿದರೆ ಗರಗಸ, ಬಲಕ್ಕೆ ರೂಟರ್, ನಡುವೆ ಎರಡೂ ಬಂದ್. ಎರಡೂ ಒಟ್ಟಿಗೆ ತಿರುಗುವ ಮಾತೇ ಇಲ್ಲ. ಬಿಟ್ ಅಥವಾ ಬ್ಲೇಡ್ ಬದಲಿಸುವಾಗ ಇದನ್ನೂ ನಂಬದೆ ಪ್ಲಗ್ಗು ಕಿತ್ತು, ಅದರ ತುದಿಯನ್ನು ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಇಡುತ್ತೇನೆ. 1800 ವ್ಯಾಟಿನ ಗರಗಸ ಸುಮಾರು 8 ಆಂಪಿಯರ್ ಎಳೆಯುತ್ತದೆ, ಜೊತೆಗೆ 1200 ವ್ಯಾಟಿನ ವ್ಯಾಕ್ಯೂಮ್ ಸೇರಿದರೆ 13. ಮನೆಯ ಸಾಧಾರಣ 6 ಆಂಪಿಯರ್ ಪಾಯಿಂಟು ತಡೆಯುವುದಿಲ್ಲ. 2.5 ಚದರ ಮಿಲಿಮೀಟರಿನ ತಂತಿ ಎಳೆಸಿ 16 ಆಂಪಿಯರ್ ಪಾಯಿಂಟು, ಸರಿಯಾದ ಅರ್ಥಿಂಗ್ ಮಾಡಿಸಿಕೊಳ್ಳಿ.

ರೂಟರ್ ತೂಗುವ ಪ್ಲೇಟಿಗೆ ನಾನು ಬಳಸಿರುವುದು 10 ಮಿಲಿಮೀಟರಿನ ಹೈಲಂ (ಗಟ್ಟಿ ಬೇಕಲೈಟ್) ಶೀಟು. ಆನ್‌ಲೈನಿನಲ್ಲಿ ಮೊದಲು ತರಿಸಿದ ತೆಳು ಅಕ್ರಿಲಿಕ್ ಪ್ಲೇಟು ರೂಟರಿನ ಭಾರಕ್ಕೆ ನಡುವೆ ಜಗ್ಗಿತು. ಪ್ಲೇಟು ಜಗ್ಗಿದರೆ ಉದ್ದದ ಗ್ರೂವ್ ಎಲ್ಲ ಕಡೆ ಒಂದೇ ಆಳಕ್ಕೆ ಬರುವುದಿಲ್ಲ, ಮೇಜಿಗಿಂತ ಉಬ್ಬಿದ್ದರೆ ಮರದ ಅಂಚು ತಡೆದು ನಿಲ್ಲುತ್ತದೆ. ಎತ್ತರ ಏರಿಸಲು ರೂಟರಿನ ಸ್ಪ್ರಿಂಗು ತೆಗೆದು ಅಡಿಗೆ ಹಳೇ ಕಾರಿನ ಜಾಕ್ ಇಟ್ಟಿದ್ದೇನೆ. ಅಳತೆಗೆ ಸ್ಕೇಲು ಬೇಡ. 8 ಮಿಲಿಮೀಟರ್ ಆಳದ ಗ್ರೂವ್ ಬೇಕಾದರೆ 8ರ ಎರಡು ಡ್ರಿಲ್ ಬಿಟ್ಟುಗಳ ನುಣುಪಾದ ಹಿಂತುದಿಗಳನ್ನು ರೂಟರ್ ಬಿಟ್ಟಿನ ಆಚೀಚೆ ಮಲಗಿಸಿ, ಮೇಲೆ ಒಂದು ನೇರ ಪಟ್ಟಿ ಇಟ್ಟು, ಬಿಟ್ಟಿನ ತುದಿ ಪಟ್ಟಿಯನ್ನು ಮುಟ್ಟುವ ತನಕ ಜಾಕ್ ತಿರುಗಿಸುವುದು. ಬೆರಳಿಗೆ ಆ ಸ್ಪರ್ಶ ತಿಳಿಯುತ್ತದೆ.

ವೇಗ ಇಳಿಸಬಹುದಾದ ರೂಟರನ್ನೇ ಕೊಳ್ಳಿ. 12 ಮಿಲಿಮೀಟರಿನ ಬಿಟ್ಟಿಗೆ ನಿಮಿಷಕ್ಕೆ 22,000 ಸುತ್ತು ಹಿತ. 80 ಮಿಲಿಮೀಟರಿನ ಬಾಗಿಲ ಪ್ಯಾನೆಲ್ ಬಿಟ್ಟಿಗೆ ಅದೇ ವೇಗ ಕೊಟ್ಟರೆ ಅದರ ಅಂಚು ಸೆಕೆಂಡಿಗೆ 90 ಮೀಟರಿಗೂ ಹೆಚ್ಚು ಓಡುತ್ತದೆ, ಅದು ಅಪಾಯ. ಅಂಥದ್ದಕ್ಕೆ 10,000ದ ಆಸುಪಾಸಿಗೆ ಇಳಿಸಬೇಕು.

ಧೂಳಿನ ವಿಷಯದಲ್ಲಿ ಈ ಮೇಜಿಗೆ ಕಡಿಮೆ ಅಂಕ. ತಲೆಕೆಳಗಾದ ರೂಟರ್ ಗಾಳಿ ಎಳೆದುಕೊಳ್ಳುವ ಬಾಯಿ ಕೆಳಗಿರುತ್ತದೆ, ಉದುರಿದ ಪುಡಿ ಸೀದಾ ಮೋಟಾರಿಗೆ. ಕಾರ್ಬನ್ ಬ್ರಶ್ಶುಗಳು ಬೇಗ ಸವೆದವು. ಫೆನ್ಸಿನ ಹಿಂದೆ ವ್ಯಾಕ್ಯೂಮ್ ಕೊಳವೆ ಕೊಟ್ಟ ಮೇಲೆ ವಾಸಿ, ಆದರೂ ಗ್ರೂವ್ ಹೊಡೆಯುವಾಗಿನ ಪುಡಿ ಪೂರ್ತಿ ಸಿಗುವುದಿಲ್ಲ. ಮರದ ಧೂಳು ಕ್ಯಾನ್ಸರ್ ತರುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪ್ರಕಟಿಸಿದೆ. ಮಾಸ್ಕ್ ಇಲ್ಲದೆ ನಾನು ಕೊಟ್ಟಿಗೆಗೆ ಹೋಗುವುದಿಲ್ಲ. ಹಲಸು ಕೊಯ್ದ ದಿನ ಮಾಸ್ಕಿನ ಹೊರಮೈ ಅರಿಶಿನದ ಬಣ್ಣಕ್ಕೆ ತಿರುಗಿರುತ್ತದೆ, ಅಷ್ಟು ಪುಡಿ ಎದೆಗೆ ಹೋಗಬೇಕಿತ್ತು.

ಮೇಜಿನ ಗ್ರೂವ್‌ನಲ್ಲಿ ಜಾರಿಸಿ ಮರವನ್ನು ಬ್ಲೇಡಿಗೆ ಒಯ್ಯುವ ಹಲಗೆಯನ್ನು ಸ್ಲೆಡ್ ಅನ್ನುತ್ತಾರೆ. ಅದರ ಅಡಿಪಟ್ಟಿ ಮರದ್ದಾದರೆ ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಹಾಕಿಕೊಳ್ಳುತ್ತದೆ, ಮಾರ್ಚಿನಲ್ಲಿ ಸಡಿಲವಾಗಿ ಅಲ್ಲಾಡುತ್ತದೆ. ಅಲ್ಯೂಮಿನಿಯಂ ಪಟ್ಟಿ ಹಾಕಿದರೆ ವರ್ಷಪೂರ್ತಿ ಒಂದೇ ಸಮ.

ಯಂತ್ರಗಳನ್ನು ಬಿಟ್ಟು ಬರೀ ಮೇಜಿಗೆ, ವೆಲ್ಡಿಂಗ್ ಕೂಲಿ ಮತ್ತು ಸ್ವಿಚ್ಚುಗಳೂ ಸೇರಿ, 15 ಸಾವಿರ ರೂಪಾಯಿಯ ಆಸುಪಾಸು ಹಿಡಿಯಿತು. ದಿನವಿಡೀ ಇದೇ ಕಸುಬು ಮಾಡುವವರಿಗೆ, ಇಬ್ಬರು ಒಟ್ಟಿಗೆ ದುಡಿಯುವ ಕಡೆಗೆ ನಾನಿದನ್ನು ಹೇಳುವುದಿಲ್ಲ, ಅವರಿಗೆ ಎರಡು ಮೇಜೇ ಸರಿ. ಒಬ್ಬರೇ, ರಜಾದಿನಗಳಲ್ಲಿ, ಇಕ್ಕಟ್ಟಾದ ಜಾಗದಲ್ಲಿ ಮನೆಯ ಕಪಾಟು, ಕಿಟಕಿ, ಮೇಜು ಮಾಡಿಕೊಳ್ಳುವವರು ಧಾರಾಳವಾಗಿ ಕಟ್ಟಿಕೊಳ್ಳಿ. ರೂಟರಿಗೆ ತೂತು ಕೊರೆಯುವ ಮೊದಲು ಫೆನ್ಸನ್ನು ಬಲತುದಿಯ ತನಕ ಎಳೆದು, ಅದು ಎಲ್ಲಿ ನಿಲ್ಲುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಮರದ ಫೆನ್ಸಿನ ದಪ್ಪವನ್ನೂ ಸೇರಿಸಿ ಲೆಕ್ಕ ಹಾಕಿ, ಬಿಟ್ಟಿನ ನಡುಬಿಂದು ಫೆನ್ಸು ತಲುಪುವ ಜಾಗದೊಳಗೇ ಬರುವಂತೆ ನೋಡಿಕೊಳ್ಳಿ.