ಮೂರು ಮಿಲಿಮೀಟರ್: ನಾಲ್ಕು ವರ್ಷ ಬಳಸಿದ ಥ್ರಾಟಲ್ ಕುರಿತು

ಯುದ್ಧವಿಮಾನದ ಸಿಮ್ಯುಲೇಟರಿಗೆ ಸಾಧನ ಕೊಳ್ಳುವವರು ಮೊದಲು ವಿಚಾರಿಸುವುದು ಸ್ಟಿಕ್ಕನ್ನು, ಅಂದರೆ ವಿಮಾನವನ್ನು ವಾಲಿಸುವ, ಏರಿಳಿಸುವ ಹಿಡಿಯನ್ನು. ಇಂಜಿನ್ನಿನ ಶಕ್ತಿಯನ್ನು ಏರಿಸಿ ಇಳಿಸುವ ಥ್ರಾಟಲ್ ಅದರೊಡನೆ ಬರುವ ಎರಡನೆಯ ವಸ್ತು ಎಂಬುದು ಹಲವರ ಎಣಿಕೆ, ನನ್ನ ಎಣಿಕೆಯೂ ಅದೇ ಆಗಿತ್ತು. ನಾಲ್ಕು ವರ್ಷಗಳ ಹಿಂದೆ ಕೈಯಲ್ಲಿದ್ದ ಹಣದ ಬಹುಪಾಲನ್ನು ಸ್ಟಿಕ್ಕಿಗೆ ಕೊಟ್ಟು, ಉಳಿದುದರಲ್ಲಿ ಪ್ಲಾಸ್ಟಿಕ್ ಮೈಯ, ಎರಡು ಲಿವರುಗಳ ಈ ಮಧ್ಯಮ ದರ್ಜೆಯ ಥ್ರಾಟಲನ್ನು ಕೊಂಡೆ. ಗುಂಡಿಗಳೆಷ್ಟು, ತೂಕವೆಷ್ಟು ಎಂಬ ವಿವರಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ತಯಾರಕರ ಹೆಸರನ್ನೂ ಬರೆಯುತ್ತಿಲ್ಲ. ನಾನು ಹೇಳಲಿರುವ ದೋಷ ಒಣ ಘರ್ಷಣೆಯನ್ನು ನೆಚ್ಚಿದ ರಚನೆಯಿಂದ ಹುಟ್ಟಿದ್ದು, ಅಂಥ ರಚನೆಯ ಯಾವ ಥ್ರಾಟಲಿನಲ್ಲಾದರೂ ಅದು ತಲೆದೋರಬಹುದು.

ನನ್ನ ಬಳಕೆ ಎಂಥದೆಂಬುದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ತೀರ್ಪು ಅದನ್ನೇ ಅವಲಂಬಿಸಿದೆ. ವಾರಕ್ಕೆ ನಾಲ್ಕು ರಾತ್ರಿ, ಒಮ್ಮೆಗೆ ಒಂದೂವರೆ ಗಂಟೆ, ಹೆಚ್ಚಾಗಿ ಡಿಸಿಎಸ್ ವರ್ಲ್ಡ್ ಎಂಬ ಕಂಪ್ಯೂಟರ್ ಸಿಮ್ಯುಲೇಟರಿನಲ್ಲಿ ಎಫ್/ಎ-18ಸಿ ಹಾರ್ನೆಟ್ ಯುದ್ಧವಿಮಾನವನ್ನು ಹಾರಿಸುತ್ತೇನೆ, ನಡುನಡುವೆ ಮಿಗ್-21ಬಿಸ್. ಇಂಜಿನ್ ಓಡುತ್ತಿರುವಾಗಲೇ ಆಟ ಆರಂಭಿಸುವ ಸೌಲಭ್ಯವಿದ್ದರೂ ನಾನು ಅದನ್ನು ಬಳಸುವುದಿಲ್ಲ. ಕತ್ತಲಾದ, ಸದ್ದಿಲ್ಲದ ಕಾಕ್‌ಪಿಟ್‌ನಿಂದಲೇ ಪ್ರತಿ ಹಾರಾಟವೂ ಮೊದಲಾಗಬೇಕು. ಬ್ಯಾಟರಿ ಹಾಕಿ, ಬೆಂಕಿ ಎಚ್ಚರಿಕೆಯ ಪರೀಕ್ಷೆ ಮುಗಿಸಿ, ಬಾಲದ ಕಡೆಯ ಪುಟ್ಟ ಸಹಾಯಕ ಇಂಜಿನನ್ನು ಚಾಲೂ ಮಾಡಿ, ಅದರ ಹಸಿರು ದೀಪ ಹೊತ್ತುವವರೆಗೂ ಕಾಯುತ್ತೇನೆ. ಆಮೇಲೆ ಕ್ರ್ಯಾಂಕ್ ಸ್ವಿಚ್ಚನ್ನು ಬಲಕ್ಕೆ ಒತ್ತಿದರೆ ಬಲಗಡೆಯ ಇಂಜಿನ್ ತಿರುಗತೊಡಗುತ್ತದೆ. ತಿರುಗುವ ವೇಗ ಶೇಕಡಾ 10 ದಾಟಿದ ಮೇಲೆ ಬೆರಳಿನಿಂದ ಚಿಲಕವನ್ನೆತ್ತಿ ಬಲ ಲಿವರನ್ನು ಆಫ್ ಸ್ಥಾನದಿಂದ ಐಡಲ್ ಸ್ಥಾನಕ್ಕೆ, ಅಂದರೆ ಇಂಜಿನ್ ಕನಿಷ್ಠ ವೇಗದಲ್ಲಿ ಓಡುವ ಸ್ಥಾನಕ್ಕೆ, ತಳ್ಳಬೇಕು. ಈ ಥ್ರಾಟಲಿನಲ್ಲಿ ಆ ಚಿಲಕ ಬಹಳ ಚೆನ್ನಾಗಿದೆ. ಲೋಹದ ನಾಲಗೆ ಹಳ್ಳದಿಂದ ಮೇಲೆದ್ದು ಮುಂದಿನ ಹಳ್ಳಕ್ಕೆ ಬೀಳುವಾಗ ಟಕ್ ಎಂದು ಒಂದೇ ಒಂದು ಸದ್ದು ಬರುತ್ತದೆ, ಅದರ ಬೆನ್ನಿಗೇ ಇಂಧನ ಹೊತ್ತಿಕೊಂಡು ನಿಷ್ಕಾಸದ ಉಷ್ಣತೆಯ ಅಂಕಿ ಏರತೊಡಗುತ್ತದೆ. ಎಡ ಇಂಜಿನ್ನಿಗೂ ಹೀಗೆಯೇ. ಇಂಜಿನ್ನಿನಿಂದ ತೆಗೆಯುವ ಗಾಳಿಯನ್ನು ನಿಯಂತ್ರಿಸುವ ಬ್ಲೀಡ್ ಏರ್ ಗುಬುಟನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಪರದೆಗಳನ್ನು ಒಂದೊಂದಾಗಿ ಹಚ್ಚಿ, ದಿಕ್ಸೂಚಕ ವ್ಯವಸ್ಥೆ ತನ್ನ ನೆಲೆಯನ್ನು ಕಂಡುಕೊಳ್ಳಲು ತೆಗೆದುಕೊಳ್ಳುವ ಕೆಲವು ನಿಮಿಷಗಳಲ್ಲಿ ಎಡಗೈಯನ್ನು ಲಿವರುಗಳ ಮೇಲಿಟ್ಟು ಸುಮ್ಮನೆ ಕುಳಿತಿರುತ್ತೇನೆ. ನಾಲ್ಕು ವರ್ಷಗಳಲ್ಲಿ ಈ ಕ್ರಮ ಒಮ್ಮೆಯೂ ಬೇಸರ ತರಿಸಿಲ್ಲ. ರಾತ್ರಿ ವಿಮಾನವಾಹಕ ನೌಕೆಯಿಂದ ಹಾರುವ ಮುನ್ನ, ಎಡ ಲಿವರಿನ ಪಕ್ಕದಲ್ಲಿರುವ ಸ್ವಿಚ್ಚನ್ನು ಕಿರುಬೆರಳಿನಿಂದ ದೂಡಿ ಹೊರದೀಪಗಳನ್ನು ಹಚ್ಚುವುದು ‘ನಾನು ಸಿದ್ಧ’ ಎಂಬ ಸಂಜ್ಞೆ. ಹಗಲಿನಲ್ಲಿ ಪೈಲಟ್ ಸೆಲ್ಯೂಟ್ ಹೊಡೆದು ಹೇಳುವುದನ್ನು ರಾತ್ರಿ ಈ ಸ್ವಿಚ್ ಹೇಳುತ್ತದೆ. ಅದನ್ನು ದೂಡಿದಾಗಲೆಲ್ಲ ನನ್ನ ಮೈ ಈಗಲೂ ಜುಮ್ಮೆನ್ನುತ್ತದೆ.

ಮೊದಲ ವರ್ಷವೆಲ್ಲ ನಾನು ಈ ಥ್ರಾಟಲನ್ನು ಹೊಗಳುತ್ತಲೇ ಇದ್ದೆ. ಕಾರಣವೂ ಸರಳ. ಆಗ ನನ್ನ ಹಾರಾಟದಲ್ಲಿ ಲಿವರಿಗೆ ಇದ್ದದ್ದು ಮೂರೇ ಸ್ಥಾನ: ಪೂರ್ತಿ ಮುಂದೆ, ಪೂರ್ತಿ ಹಿಂದೆ, ಸುಮಾರಾಗಿ ನಡುವೆ. ಹಾಗೆ ಹಾರುವವನಿಗೆ ಯಾವ ಥ್ರಾಟಲಾದರೂ ಸಾಕು.

ನೌಕೆಯ ಮೇಲೆ ಇಳಿಯುವುದನ್ನು ಕಲಿಯತೊಡಗಿದಾಗ ಚಿತ್ರ ಬದಲಾಯಿತು. ಹಾರ್ನೆಟ್ ಇಳಿಯುವಾಗ ರೆಕ್ಕೆ ಗಾಳಿಯನ್ನು ಸೀಳುವ ಕೋನವನ್ನು, ಅಂದರೆ ಆಂಗಲ್ ಆಫ್ ಅಟ್ಯಾಕನ್ನು, 8.1 ಡಿಗ್ರಿಯಲ್ಲಿ ನಿಲ್ಲಿಸಿ, ಸ್ಟಿಕ್ಕನ್ನು ಒತ್ತಿಹಿಡಿಯದೆಯೇ ವಿಮಾನ ಅಲ್ಲೇ ಉಳಿಯುವಂತೆ ಟ್ರಿಮ್ ಮಾಡಬೇಕು. ಅಲ್ಲಿಂದ ಮುಂದೆ ಎತ್ತರವನ್ನು ಕಾಯುವ ಕೆಲಸ ಸ್ಟಿಕ್ಕಿನದಲ್ಲ, ಥ್ರಾಟಲಿನದು. ತಗ್ಗುತ್ತಿದ್ದರೆ ಲಿವರನ್ನು ಮುಂದಕ್ಕೆ ದೂಡಬೇಕು. ಅದರ ಫಲ ಕಾಣುವ ಮೊದಲೇ ಅದಕ್ಕಿಂತ ಕಡಿಮೆ ಹಿಂದಕ್ಕೆ ಎಳೆಯಬೇಕು. ಮತ್ತೆ ಸ್ವಲ್ಪ ಮುಂದಿಟ್ಟು ಸಮ ಮಾಡಬೇಕು. ಒಂದು ತಿದ್ದುಪಡಿಗೆ ಮೂರು ಚಲನೆ. ಇಂಜಿನ್ ತನ್ನ ವೇಗವನ್ನು ಬದಲಿಸಿಕೊಳ್ಳಲು ಸಮಯ ಬೇಡುವುದರಿಂದ ಈ ಮುಂದಾಲೋಚನೆ ಅಗತ್ಯ. ಕೊನೆಯ ತಿರುವು ಮುಗಿದ ಮೇಲೆ ಡೆಕ್ಕಿಗೆ ನೇರವಾಗಿ ಹಾರುವ ಅವಧಿ 15ರಿಂದ 18 ಸೆಕೆಂಡು ಮಾತ್ರ, ಅಷ್ಟರಲ್ಲಿ ಎಡಗೈ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ನನ್ನ ಇಳಿತಗಳು ಒರಟಾಗಿದ್ದವು. ಆದರೆ ವಿಮಾನದ ಬಾಲದ ಕೊಕ್ಕೆಯನ್ನು ಹಿಡಿದು ನಿಲ್ಲಿಸಲು ಅಲ್ಲಿ ಡೆಕ್ಕಿಗೆ ಅಡ್ಡಲಾಗಿ ನಾಲ್ಕು ಉಕ್ಕಿನ ಹಗ್ಗಗಳಿವೆ. ಗುರಿಯಾದ ಮೂರನೆಯದು ತಪ್ಪಿದರೆ ಎರಡನೆಯದೋ ನಾಲ್ಕನೆಯದೋ ಸಿಗುತ್ತದೆ, ತಪ್ಪು ಮುಚ್ಚಿಹೋಗುತ್ತದೆ.

ಆಗಸದಲ್ಲಿ ಇಂಧನ ತುಂಬಿಸಿಕೊಳ್ಳುವಾಗ ತಪ್ಪು ಮುಚ್ಚಿಹೋಗುವುದಿಲ್ಲ. ಟ್ಯಾಂಕರ್ ವಿಮಾನ ಉದ್ದನೆಯ ಕೊಳವೆಯ ತುದಿಗೆ ಒಂದು ಬುಟ್ಟಿಯನ್ನು ಕಟ್ಟಿ ಹಿಂದಕ್ಕೆ ಇಳಿಬಿಟ್ಟಿರುತ್ತದೆ. ಹಾರ್ನೆಟ್ಟಿನ ಮೂಗಿನ ಬಲಬದಿಯಿಂದ ಹೊರಚಾಚುವ ನಳಿಗೆಯನ್ನು ಆ ಬುಟ್ಟಿಯೊಳಗೆ ಸೇರಿಸಬೇಕು. ಸೇರಿಸುವಾಗ ಎರಡು ವಿಮಾನಗಳ ವೇಗದ ಅಂತರ ಸುಮಾರು 3ರಿಂದ 5 ನಾಟ್ ಇರಬೇಕು, ಸೇರಿದ ಮೇಲೆ ಆ ಅಂತರ ಸೊನ್ನೆಯಾಗಿ ಟ್ಯಾಂಕು ತುಂಬುವವರೆಗೆ ಸೊನ್ನೆಯಾಗಿಯೇ ಉಳಿಯಬೇಕು. ಬುಟ್ಟಿಯನ್ನು ದಿಟ್ಟಿಸಬಾರದು, ಟ್ಯಾಂಕರಿನ ಮೈಯನ್ನೇ ನೋಡುತ್ತಿರಬೇಕು ಎಂಬ ಪಾಠ ನನಗೆ ಗೊತ್ತಿತ್ತು. ಸ್ಟಿಕ್ಕನ್ನು ಎರಡು ಬೆರಳಲ್ಲಿ ಹಿಡಿಯುವುದನ್ನೂ ಕಲಿತಿದ್ದೆ. ಆದರೂ ಏಳು ತಿಂಗಳು, ವಾರಕ್ಕೆ ಎರಡು ರಾತ್ರಿಯಾದರೂ ಪ್ರಯತ್ನಿಸಿ, ಒಮ್ಮೆಯೂ ಹತ್ತು ಸೆಕೆಂಡಿಗಿಂತ ಹೆಚ್ಚು ಕಾಲ ಬುಟ್ಟಿಯಲ್ಲಿ ನಿಲ್ಲಲಾಗಲಿಲ್ಲ. ತುಸು ಹಿಂದುಳಿದೆನೆಂದು ಲಿವರನ್ನು ಮುಂದಕ್ಕೊತ್ತಿದರೆ ಮೊದಲು ಏನೂ ಆಗುತ್ತಿರಲಿಲ್ಲ. ಇನ್ನಷ್ಟು ಒತ್ತಿದರೆ ಲಿವರ್ ತಟ್ಟನೆ ಜಾರಿ ಬೇಕಾದುದಕ್ಕಿಂತ ಮುಂದೆ ಹೋಗುತ್ತಿತ್ತು. ಹಿಂದಕ್ಕೆ ತರುವಾಗಲೂ ಅದೇ ಕತೆ. ವಿಮಾನ ಬುಟ್ಟಿಯ ಮುಂದಕ್ಕೂ ಹಿಂದಕ್ಕೂ ಉಯ್ಯಾಲೆಯಾಡುತ್ತಿತ್ತು. ನನ್ನ ಕೈಗೆ ಆ ನಯ ದಕ್ಕುವುದಿಲ್ಲವೆಂದೇ ನಾನು ನಂಬಿದ್ದೆ. ಈ ಥ್ರಾಟಲಿನ ಮೇಲೆ ನನಗೆ ಇಂದಿಗೂ ಇರುವ ದೊಡ್ಡ ದೂರು ಅದೇ: ಅದು ತನ್ನ ದೋಷವನ್ನು ನನ್ನದೆಂದು ನಂಬಿಸಿತು.

ಒಂದು ರಾತ್ರಿ ಬಲಗಡೆಯ ಕಂಟ್ರೋಲ್ ಮತ್ತು ಎಂಟರ್ ಕೀಲಿಗಳನ್ನೊತ್ತಿ, ಸ್ಟಿಕ್ ಮತ್ತು ಥ್ರಾಟಲಿನ ಚಲನೆಯನ್ನು ತೋರುವ ಪುಟ್ಟ ಚೌಕವನ್ನು ಪರದೆಯ ಮೇಲೆ ತಂದುಕೊಂಡೆ. ಹಾರುವುದನ್ನು ಬಿಟ್ಟು, ಲಿವರನ್ನು ಸಾಧ್ಯವಾದಷ್ಟು ನಿಧಾನವಾಗಿ ಒತ್ತುತ್ತ ಥ್ರಾಟಲಿನ ಗೆರೆಯನ್ನಷ್ಟೇ ನೋಡಿದೆ. ಗೆರೆ ಅಲ್ಲಾಡಲಿಲ್ಲ, ಅಲ್ಲಾಡಲಿಲ್ಲ, ಆಮೇಲೆ ನೆಗೆಯಿತು. ಲಿವರಿನ ಪಕ್ಕ ಅಳತೆಪಟ್ಟಿ ಹಿಡಿದು ಇಪ್ಪತ್ತು ಸಲ ಮಾಡಿ ನೋಡಿದೆ. ಚಿಕ್ಕ ನೆಗೆತವೂ ಮೂರು ಮಿಲಿಮೀಟರಿನಷ್ಟಿತ್ತು.

ಈ ಥ್ರಾಟಲಿನ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿರುವುದು 16 ಬಿಟ್ ನಿಖರತೆ, ಎಂದರೆ 65,536 ಮೆಟ್ಟಿಲುಗಳು. ಅಂಕಿ ಸುಳ್ಳಲ್ಲ. ಒಳಗಿರುವ ಸಂವೇದಕ ಹಾಲ್ ಪರಿಣಾಮದ್ದು, ಅಂದರೆ ಲಿವರಿನ ಸ್ಥಾನವನ್ನು ಕಾಂತಕ್ಷೇತ್ರದ ಬದಲಾವಣೆಯಿಂದ ಅಳೆಯುವಂಥದು; ಅಯಸ್ಕಾಂತವೂ ಸಂವೇದಕವೂ ಒಂದನ್ನೊಂದು ಮುಟ್ಟುವುದಿಲ್ಲ. ಉಜ್ಜುವ ಸಂಪರ್ಕದಿಂದ ಸ್ಥಾನ ಅಳೆಯುವ ಹಳೆಯ ಪೊಟೆನ್ಶಿಯೋಮೀಟರುಗಳಲ್ಲಿ ಇಂಗಾಲದ ಪಟ್ಟಿ ಸವೆದು ಅಂಕಿ ತತ್ತರಿಸುವಂತೆ ಇಲ್ಲಿ ಆಗುವುದಿಲ್ಲ. ಕೈ ಹಿಡಿಯುವ ತುದಿಯಲ್ಲಿ ಲಿವರಿನ ಓಡಾಟ ಸುಮಾರು ಹತ್ತು ಸೆಂಟಿಮೀಟರ್. ಅದನ್ನು 65,536 ಭಾಗ ಮಾಡಿದರೆ ಒಂದು ಮೆಟ್ಟಿಲು 0.0015 ಮಿಲಿಮೀಟರ್ ಆಗುತ್ತದೆ, ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳುವು. ಸಂವೇದಕ ಅಷ್ಟನ್ನೂ ಎಣಿಸಬಲ್ಲದು. ಆದರೆ ಲಿವರ್ ಒಂದೇ ನೆಗೆತಕ್ಕೆ ಸುಮಾರು ಎರಡು ಸಾವಿರ ಮೆಟ್ಟಿಲುಗಳನ್ನು ಹಾರಿ ಹೋಗುತ್ತಿತ್ತು. ಕೈಗೆ ತಲುಪದ ನಿಖರತೆಯನ್ನು ಪೆಟ್ಟಿಗೆಯ ಮೇಲೆ ಮುದ್ರಿಸಿ ಮಾರುವುದು ಸರಿಯಲ್ಲವೆಂದು ನನಗೆ ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ತಯಾರಕರಿಗೆ ಬರೆದೆ. ಮರು ಕ್ಯಾಲಿಬ್ರೇಷನ್ ಮಾಡಿ ಎಂಬ ಉತ್ತರ ಬಂತು. ಅಳತೆಗಳನ್ನು ಜೋಡಿಸಿ ಮತ್ತೆ ಬರೆದೆ. ವಾರಂಟಿ ಅವಧಿ ಮುಗಿದಿದೆ ಎಂಬ ಉತ್ತರ ಬಂತು. ಆ ಹೊತ್ತಿಗೆ ವಿಮರ್ಶೆ ಬರೆದಿದ್ದರೆ ಯಾರೂ ಕೊಳ್ಳಬೇಡಿ ಎಂಬ ಒಂದೇ ವಾಕ್ಯವನ್ನು ಬರೆಯುತ್ತಿದ್ದೆ.

ಹೊಸದನ್ನು ಕೊಳ್ಳುವಷ್ಟು ಹಣ ಇರಲಿಲ್ಲ. ವಾರಂಟಿಯೂ ಇಲ್ಲವೆಂದಮೇಲೆ ಬಿಚ್ಚುವುದಕ್ಕೆ ಅಂಜಿಕೆ ಏಕೆಂದು ತಳದ ಆರು ತಿರುಪುಗಳನ್ನು ಬಿಚ್ಚಿದೆ. ಒಳಗಿನ ರಚನೆ ನಾನು ಅಂದುಕೊಂಡದ್ದಕ್ಕಿಂತ ಸರಳವಾಗಿತ್ತು. ಪ್ರತಿ ಲಿವರಿನ ಬುಡದಲ್ಲಿ ಒಂದು ಅರ್ಧಚಂದ್ರಾಕಾರದ ಪ್ಲಾಸ್ಟಿಕ್ ತಟ್ಟೆ. ಅದಕ್ಕೆ ಎರಡೂ ಕಡೆಯಿಂದ ಒತ್ತಿಕೊಂಡಿರುವ ಫೆಲ್ಟ್ ಪಟ್ಟಿ, ಅಂದರೆ ನಾರುಗಳನ್ನು ಅದುಮಿ ಮಾಡಿದ ದಪ್ಪ ಬಟ್ಟೆಯ ಪಟ್ಟಿ. ಪಟ್ಟಿಯನ್ನು ಬಿಗಿಗೊಳಿಸುವ ಒಂದು ತಿರುಪು. ಕೈ ಬಿಟ್ಟಾಗ ಲಿವರ್ ನಿಂತಲ್ಲೇ ನಿಲ್ಲುವುದು ಈ ಫೆಲ್ಟಿನ ಒಣ ಘರ್ಷಣೆಯಿಂದ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಕದಲಿದ ಮೇಲೆ ಅದನ್ನು ಚಲನೆಯಲ್ಲಿಡಲು ಬೇಕಾದ ಬಲಕ್ಕಿಂತ ಹೆಚ್ಚು ಎಂಬುದು ಒಣ ಘರ್ಷಣೆಯ ಸ್ವಭಾವ. ಕೈ ಬಲವನ್ನು ಕೂಡಿಸುತ್ತ ಹೋಗುತ್ತದೆ; ಲಿವರ್ ಕದಲಿದ ಕ್ಷಣ ತಡೆ ಕುಸಿಯುತ್ತದೆ, ಕೂಡಿಸಿಟ್ಟ ಬಲ ಹಾಗೆಯೇ ಉಳಿದಿರುತ್ತದೆ, ಲಿವರ್ ಜಾರುತ್ತದೆ. ಏಳು ತಿಂಗಳು ನನ್ನನ್ನು ಬುಟ್ಟಿಯಿಂದ ಹೊರಗಿಟ್ಟದ್ದು ಬೆರಳಗಲದ ಒಂದು ಫೆಲ್ಟ್ ಪಟ್ಟಿ.

ಪರಿಹಾರ ಬೇರೊಂದು ಬಗೆಯ ತಡೆಯಲ್ಲಿತ್ತು. ಕ್ಯಾಮೆರಾ ಲೆನ್ಸಿನ ಫೋಕಸ್ ಬಳೆಗೆ ಹಚ್ಚುವಂಥ, ಜಿಗುಟಾದ ಡ್ಯಾಂಪಿಂಗ್ ಗ್ರೀಸ್ ಒಂದಿದೆ. ಅದರ ತಡೆ ವೇಗಕ್ಕೆ ತಕ್ಕಂತೆ ಏರುತ್ತದೆ: ರಭಸದಿಂದ ತಳ್ಳಿದರೆ ಎದುರೊತ್ತುತ್ತದೆ, ಮೆಲ್ಲಗೆ ತಳ್ಳಿದರೆ ದಾರಿ ಬಿಡುತ್ತದೆ. ಚಲನೆಯ ಮೊದಲ ಕ್ಷಣದಲ್ಲಿ ದಾಟಬೇಕಾದ ಹೊಸ್ತಿಲು ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ತಟ್ಟೆಗಳನ್ನು ಒರೆಸಿ, ತೆಳುವಾಗಿ ಗ್ರೀಸ್ ಸವರಿ, ಫೆಲ್ಟಿನ ತಿರುಪನ್ನು ಎರಡು ಸುತ್ತು ಸಡಿಲಿಸಿದೆ. ಪೂರ್ತಿ ಸಡಿಲಿಸುವಂತಿಲ್ಲ, ಹಾಗೆ ಮಾಡಿದರೆ ಹಿಡಿಯ ಭಾರಕ್ಕೇ ಲಿವರ್ ಮೆಲ್ಲಗೆ ಹಿಂದಕ್ಕೆ ವಾಲುತ್ತದೆ. ಕಾಲು ಸುತ್ತು ಬಿಗಿ, ಕಾಲು ಸುತ್ತು ಸಡಿಲ ಎಂದು ಮೂರು ಸಂಜೆ ಕಳೆದ ಮೇಲೆ ಸರಿಯಾದ ಹದ ಸಿಕ್ಕಿತು. ಮೊದಲು ಕಲ್ಲಿನಂತಿದ್ದ ಲಿವರ್ ಈಗ ಗಟ್ಟಿ ಜೇನಿನಲ್ಲಿ ಚಮಚ ಆಡಿಸಿದಂತೆ ಚಲಿಸುತ್ತದೆ.

ಅದಾದ ಎರಡನೆಯ ರಾತ್ರಿ ಟ್ಯಾಂಕರಿನ ಹಿಂದೆ ಹೋದೆ. ಬುಟ್ಟಿಗೆ ಸೇರಿದ್ದು ಮೂರನೆಯ ಯತ್ನದಲ್ಲಿ. ಅಲ್ಲಿಂದ ಟ್ಯಾಂಕು ತುಂಬಿತೆಂಬ ಮಾತು ರೇಡಿಯೋದಲ್ಲಿ ಕೇಳುವವರೆಗೆ ಕಳಚಿಕೊಳ್ಳಲಿಲ್ಲ. ಎಡಗೈ ಏನು ಮಾಡುತ್ತಿದೆಯೆಂಬುದೇ ನನ್ನ ಗಮನದಲ್ಲಿರಲಿಲ್ಲ. ಟ್ಯಾಂಕರಿನ ಹೊಟ್ಟೆಯ ಮೇಲಿನ ಗೆರೆಗಳು ಕದಲದೆ ನಿಂತಿದ್ದವು, ಅಷ್ಟೇ ನೆನಪಿದೆ. ಕಳಚಿಕೊಂಡು ಬದಿಗೆ ಸರಿದ ಮೇಲೆ ನನ್ನ ಕಣ್ಣು ಒದ್ದೆಯಾಗಿತ್ತು.

ಮಿಗ್-21ಬಿಸ್ ಇಳಿಸುವುದೂ ಆಮೇಲೆ ಹಗುರವಾಯಿತು. ಇಳಿಯುವಾಗ ಅದರ ಫ್ಲ್ಯಾಪುಗಳ, ಅಂದರೆ ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗುವ ಹಲಗೆಗಳ, ಮೇಲೆ ಇಂಜಿನ್ನಿನಿಂದ ತೆಗೆದ ಗಾಳಿಯನ್ನು ಊದುವ ಎಸ್‌ಪಿಎಸ್ ಎಂಬ ವ್ಯವಸ್ಥೆಯಿದೆ, ಪುಟ್ಟ ತ್ರಿಕೋನ ರೆಕ್ಕೆಯನ್ನು ಕಡಿಮೆ ವೇಗದಲ್ಲಿ ಎತ್ತಿಹಿಡಿಯುವುದರಲ್ಲಿ ಆ ಗಾಳಿಯ ಪಾಲು ದೊಡ್ಡದು. ಚಕ್ರ ನೆಲ ಮುಟ್ಟುವ ಮೊದಲೇ ಥ್ರಾಟಲನ್ನು ಪೂರ್ತಿ ಹಿಂದಕ್ಕೆಳೆದರೆ ಊದುವ ಗಾಳಿಯೂ ನಿಂತು ವಿಮಾನ ಕುಸಿಯುತ್ತದೆ. ಆದ್ದರಿಂದ ಶಕ್ತಿಯನ್ನು ಇಟ್ಟುಕೊಂಡೇ, ಕೂದಲೆಳೆಯಷ್ಟು ಇಳಿಸುತ್ತ ಬಂದು, ಚಕ್ರ ತಾಕಿದ ಮೇಲಷ್ಟೇ ಲಿವರನ್ನು ಎಳೆದು ಬಾಲದ ಪ್ಯಾರಾಶೂಟ್ ಬಿಡಬೇಕು. ಜಾರುವ ಲಿವರಿನಲ್ಲಿ ಎರಡು ಹಾರಾಟಕ್ಕೊಂದು ಸಲ ರನ್‌ವೇಗೆ ಮೊದಲೇ ಬೀಳುತ್ತಿದ್ದೆ. ಈಗ ಹಾಗೆ ಬಿದ್ದು ಬಹಳ ತಿಂಗಳಾಯಿತು.

ಕೊಳ್ಳಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಅವರ ಹಾರಾಟದ ಬಗೆಯನ್ನು ಅವಲಂಬಿಸಿದೆ. ವಿಮಾನ ವಿಮಾನಗಳ ಹತ್ತಿರದ ಕಾದಾಟದ (ಡಾಗ್‌ಫೈಟ್) ಸುಖಕ್ಕಾಗಿ ಮಾತ್ರ ಹಾರುವವರಿಗೆ ಲಿವರ್ ಇರುವುದು ಎರಡು ತುದಿಗಳಲ್ಲಿ; ಅವರು ಈ ದೋಷವನ್ನು ನೋಡದೆಯೇ ವರ್ಷಗಟ್ಟಲೆ ಬಳಸಬಹುದು, ಗುಂಡಿಗಳೂ ಚಿಲಕವೂ ಅವರನ್ನು ನಿರಾಶೆಗೊಳಿಸುವುದಿಲ್ಲ. ಜೋಡಿ ಹಾರಾಟ, ನೌಕೆಯ ಮೇಲಿನ ಇಳಿತ, ಆಗಸದ ಇಂಧನ ಇವುಗಳ ಮೇಲೆ ಮನಸ್ಸಿದ್ದು, ಸ್ಕ್ರೂಡ್ರೈವರ್ ಹಿಡಿಯಲು ಇಷ್ಟವಿಲ್ಲದವರು ಇನ್ನೊಂದು ವರ್ಷ ಹಣ ಕೂಡಿಸಿ, ಗ್ರೀಸಿನ ಡ್ಯಾಂಪಿಂಗ್ ಇರುವ ಥ್ರಾಟಲನ್ನೇ ತೆಗೆದುಕೊಳ್ಳುವುದು ಒಳ್ಳೆಯದು. ಅಂಗಡಿಯಲ್ಲಿ ಕೈಗೆ ಸಿಕ್ಕರೆ ಲಿವರನ್ನು ರಭಸದಿಂದ ಆಡಿಸಿ ನೋಡಬೇಡಿ. ಒಂದೇ ಬೆರಳಿನಿಂದ, ಉಸಿರು ಬಿಗಿಹಿಡಿದು, ಒಂದು ಮಿಲಿಮೀಟರಿನಷ್ಟು ಮಾತ್ರ ಸರಿಸಲು ಯತ್ನಿಸಿ.

ಬೇಸಿಗೆಯಲ್ಲಿ ಗ್ರೀಸ್ ತೆಳುವಾಗುವುದರಿಂದ ಫೆಲ್ಟಿನ ತಿರುಪನ್ನು ಕಾಲು ಸುತ್ತು ಬಿಗಿಗೊಳಿಸುತ್ತೇನೆ, ಚಳಿ ಬಂದಾಗ ಮತ್ತೆ ಸಡಿಲಿಸುತ್ತೇನೆ. ಕಳೆದ ವಾರ ತಳ ಬಿಚ್ಚಿದಾಗ ಎಡ ಲಿವರಿನ ಪಟ್ಟಿ ಒಂದು ಅಂಚಿನಲ್ಲಿ ಸವೆದಿರುವುದು ಕಂಡಿತು. ಅದೇ ಅಳತೆಗೆ ಹೊಸ ಫೆಲ್ಟ್ ಕತ್ತರಿಸಿ, ಗ್ರೀಸಿನ ಡಬ್ಬಿಯ ಪಕ್ಕದಲ್ಲಿಟ್ಟಿದ್ದೇನೆ.